ಹಳೆಯ ಕೋವಿಯ ಹಸಿವು

ನಮ್ಮ ಕನ್ನಡದಲ್ಲಿ 'ಮದ್ದು' ಎಂಬುದೊಂದು ವಿಚಿತ್ರವಾದ ಪದ. ಜ್ವರದಿಂದ ನರಳುವವನಿಗೆ ವೈದ್ಯನು ಅರೆದು ಕೊಡುವುದೂ ಮದ್ದು, ಕೋವಿಯ ನಳಿಗೆಯೊಳಗೆ ತುಂಬಿ ಸಿಡಿಸುವುದೂ ಮದ್ದು. ಉಳಿಸುವ ವಸ್ತುವಿಗೂ ಅಳಿಸುವ ವಸ್ತುವಿಗೂ ನಮ್ಮ ಹಿರಿಯರು ಒಂದೇ ಹೆಸರನ್ನಿಟ್ಟದ್ದು ಪದಗಳ ಬಡತನದಿಂದ ಎಂದು ನನಗೆ ತೋರುವುದಿಲ್ಲ. ಚೀನೀ ಭಾಷೆಯಲ್ಲಿಯೂ ಕೋವಿಮದ್ದಿಗೆ ಇರುವ ಹೆಸರಿನ ಅರ್ಥ 'ಬೆಂಕಿಯ ಔಷಧ' ಎಂದೇ. ಸಾವನ್ನು ಗೆಲ್ಲುವ ರಸಾಯನವನ್ನು ಅರಸುತ್ತಿದ್ದ ಅಲ್ಲಿನ ತಾವೋ ಪಂಥದ ರಸವಾದಿಗಳ ಕೈಗೆ, ಸುಮಾರು 9ನೇ ಶತಮಾನದಲ್ಲಿ, ಸಾವನ್ನು ಹಂಚುವ ಈ ಪುಡಿ ದೊರೆಯಿತು. ಗುಣ ವಸ್ತುವಿನದೋ, ಅದನ್ನು ಹಿಡಿದ ಕೈಯದೋ ಎಂಬ ಪ್ರಶ್ನೆಯೂ ಅಂದಿನಿಂದಲೇ ಮನುಷ್ಯನ ಬೆನ್ನು ಹತ್ತಿದೆ.

ಈ ಪ್ರಶ್ನೆ ನನ್ನ ಬಾಗಿಲಿಗೆ ಬಂದದ್ದು ಒಬ್ಬ ಯುವಕನ ರೂಪದಲ್ಲಿ. ಭಾಲ್ಕಿಯಿಂದ ಔರಾದಿನ ಕಡೆಗೆ ಹೋಗುವ ಸೀಮೆಯಲ್ಲಿ, ಮಾಂಜ್ರಾ ನದಿಗೆ ದೂರವಲ್ಲದ ಒಂದು ಹಳ್ಳಿಯ ಒಕ್ಕಲು ಮನೆತನ ಅವನದು. ಹಿಂದೊಮ್ಮೆ ನನ್ನ ಬಳಿ ಇಂಗ್ಲಿಷ್ ಕಲಿಯಲು ಬರುತ್ತಿದ್ದ ಸಲುಗೆಯಿಂದ ಅವನು ಒಂದು ಚೀಟಿಯನ್ನು ನನ್ನ ಮುಂದಿಟ್ಟನು. ಅದರಲ್ಲಿ ನಾಲ್ಕು ವಸ್ತುಗಳ ಹೆಸರಿದ್ದವು: ಹಿತ್ತಾಳೆಯ ತೋಟಾ, ಕೇಪು, ಮದ್ದು, ಸೀಸದ ಗುಂಡು. ಅಜ್ಜನ ಕಾಲದ ಬಂದೂಕೊಂದು ಮನೆಯಲ್ಲಿದೆ, ಅದಕ್ಕೆ ಹಾಕುವ ಕಾರ್ತೂಸುಗಳು ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಆದುದರಿಂದ ಬಿಡಿ ಸಾಮಾನುಗಳನ್ನು ಕೂಡಿಸಿ ತಾನೇ ಸಿದ್ಧಪಡಿಸಬೇಕೆಂದಿದ್ದೇನೆ ಎಂದನು. ಹೈದರಾಬಾದಿನಲ್ಲಾಗಲಿ ಹೊರದೇಶದಲ್ಲಾಗಲಿ ನನಗೆ ಪರಿಚಿತರು ಇರಬಹುದು ಎಂಬುದು ಅವನ ಎಣಿಕೆ. ಉದ್ದೇಶವನ್ನು ಕೇಳಿದಾಗ ಅವನು ಮುಚ್ಚಿಡಲಿಲ್ಲ. ಕಾಡುಹಂದಿಗಳೂ ಕೃಷ್ಣಮೃಗಗಳೂ ಸೇರಿ ಮೂರು ವರ್ಷಗಳಿಂದ ಅವನ ಹೊಲದ ಸೋಯಾ ಮತ್ತು ತೊಗರಿಯನ್ನು ತುಳಿದು ತಿಂದಿದ್ದವು. ಸಾಲ ಬೆಳೆದಿತ್ತು.

ನಾನು ಆ ಕೋವಿಯನ್ನು ನೋಡಲು ಹೋದೆನು. ಅದು ಅಮೆರಿಕದ ವಿಂಚೆಸ್ಟರ್ ಕಂಪನಿಯ ಕೋವಿ. ಟ್ರಿಗರಿನ ಸುತ್ತ ಇರುವ ಲೋಹದ ಬಳೆಯೇ ಹಿಂದಕ್ಕೆ ಉದ್ದವಾಗಿ ಒಂದು ಸನ್ನೆಯಾಗಿದೆ. ಆ ಸನ್ನೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಸುಟ್ಟ ತೋಟಾ ಹೊರಬಿದ್ದು, ನಳಿಗೆಯ ಅಡಿಯ ಕೊಳವೆಯಿಂದ ಹೊಸ ತೋಟಾ ಒಳಸೇರುವ ಏರ್ಪಾಡು. 1860ರಲ್ಲಿ ಬೆಂಜಮಿನ್ ಟೈಲರ್ ಹೆನ್ರಿ ಎಂಬಾತನು ಇಂತಹ ಕೋವಿಗೆ ಹಕ್ಕುಪತ್ರ ಪಡೆದನು. 1866 ಮತ್ತು 1873ರ ಮಾದರಿಗಳಿಂದ ವಿಂಚೆಸ್ಟರ್ ಕಂಪನಿಯ ಹೆಸರು ಜಗತ್ತಿಗೆಲ್ಲ ಹಬ್ಬಿತು. ಅಲ್ಲಿಯವರೆಗೆ ಒಂದು ಗುಂಡು ಹಾರಿಸಿದವನು ಮತ್ತೆ ಮದ್ದು ತುಂಬಿ, ಗುಂಡು ತಳ್ಳಿ, ಕೇಪು ಇಡುವಷ್ಟು ಹೊತ್ತು ಕಾಯಬೇಕಾಗಿತ್ತು. ಆ ಹೊತ್ತಿನಲ್ಲಿ ಮೃಗವು ಓಡಿಹೋಗಬಹುದಿತ್ತು, ಮನುಷ್ಯನ ಕೋಪವೂ ಇಳಿಯಬಹುದಿತ್ತು. ಸನ್ನೆಯ ಕೋವಿ ಆ ಬಿಡುವನ್ನು ತೆಗೆದುಹಾಕಿತು. ನಿಜಾಮರ ಕಾಲದಲ್ಲಿ ಜಾಗೀರದಾರರ ಬೇಟೆಯ ಮೋಜಿಗಾಗಿ ಬಂದ ಕೋವಿಯು ಚಾಕರಿಗೆ ಇನಾಮಾಗಿ ತಮ್ಮ ಮನೆಗೆ ದೊರೆಯಿತೆಂಬುದು ಆ ಮನೆಯವರ ಹೇಳಿಕೆ.

ಅದಕ್ಕೆ ತೋಟಾ ಏಕೆ ಸಿಗುವುದಿಲ್ಲ? ಕೋವಿಗಳ ಆಯುಷ್ಯ ದೊಡ್ಡದು, ಅವುಗಳ ಆಹಾರದ ಆಯುಷ್ಯ ಚಿಕ್ಕದು. ಉಕ್ಕು ನೂರೈವತ್ತು ವರ್ಷ ಬಾಳೀತು; ಆದರೆ ಕಾರ್ಖಾನೆಯು ಲಾಭವಿಲ್ಲದ ಅಳತೆಯ ತೋಟಾಗಳನ್ನು ಕೈಬಿಡುತ್ತದೆ. ಹೆನ್ರಿಯ ಮೊದಲ ಕೋವಿಯ ತೋಟಾ ತಯಾರಿಕೆಯು 1930ರ ದಶಕದಲ್ಲೇ ನಿಂತಿತು. ಅಷ್ಟೇ ಅಲ್ಲದೆ, 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಕರಿಮದ್ದಿನ ಯುಗವೇ ಮುಗಿಯಿತು. ಹೊಸ ಮದ್ದಿನ ಒತ್ತಡ ಹೆಚ್ಚು. ಕರಿಮದ್ದಿಗೆಂದು ಕಟ್ಟಿದ ಹಳೆಯ ಕೋವಿಗೆ ಅದನ್ನು ಉಣಿಸಿದರೆ ಕೋವಿಯೇ ಒಡೆದು, ಹಿಡಿದವನ ಕೈಯನ್ನೂ ಕಣ್ಣನ್ನೂ ಕಳೆಯಬಹುದು. ಗುರಿಯಿಟ್ಟವನೇ ಗುರಿಯಾಗುವ ಈ ಸಂಗತಿಯನ್ನು ಆ ಯುವಕನಿಗೆ ಮೊದಲು ತಿಳಿಸಬೇಕಾಯಿತು.

ಓದುಗರೇ, ಆ ಚೀಟಿಯಲ್ಲಿದ್ದ ನಾಲ್ಕು ವಸ್ತುಗಳನ್ನು ಒಂದೊಂದಾಗಿ ನೋಡೋಣ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವು. ನಮ್ಮ ತಾಯಂದಿರ ಅಡುಗೆಮನೆಯ ಕೊಡವೂ ನಮ್ಮ ಗುಡಿ-ಚರ್ಚುಗಳ ದೀಪಸ್ತಂಭವೂ ಅದರಿಂದಲೇ ಆದವು. ಸೀಸವು ಮಣ್ಣಿನಿಂದ ಬರುವ ಮೆತ್ತನೆಯ ಲೋಹ. ಯೂರೋಪಿನ ಚರ್ಚುಗಳ ಬಣ್ಣದ ಗಾಜುಗಳನ್ನು ಹಿಡಿದು ನಿಲ್ಲಿಸಿರುವುದು ಸೀಸದ ಪಟ್ಟಿಗಳೇ. ಕರಿಮದ್ದು ಎಂದರೆ ಇದ್ದಿಲು, ಗಂಧಕ, ಪೆಟ್ಲುಪ್ಪು. ಯೂರೋಪಿನಲ್ಲಿ ಈ ಪುಡಿಯ ವಿಷಯವನ್ನು ಮೊದಲಿಗೆ ಬರೆದಿಟ್ಟವರಲ್ಲಿ 13ನೇ ಶತಮಾನದ ರಾಜರ್ ಬೇಕನ್ ಒಬ್ಬನು. ಆತನು ಫ್ರಾನ್ಸಿಸ್ಕನ್ ಸಭೆಯ ಸನ್ಯಾಸಿ. ಇನ್ನು ಕೇಪು. ಬೆಂಕಿಯ ಕಿಡಿಯಿಲ್ಲದೆ ಪೆಟ್ಟಿನಿಂದಲೇ ಹೊತ್ತಿಕೊಳ್ಳುವ ಉಪಾಯಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಸಭಾಪಾಲಕ ಅಲೆಕ್ಸಾಂಡರ್ ಫೋರ್ಸಿತ್. ಹಕ್ಕಿಗಳ ಬೇಟೆ ಅವನಿಗೆ ಇಷ್ಟ. ಹಳೆಯ ಕೋವಿಯಲ್ಲಿ ಮೊದಲು ಕಿಡಿ ಹಾರಿ ಆಮೇಲೆ ಗುಂಡು ಹೊರಡುತ್ತಿದ್ದುದರಿಂದ, ಕಿಡಿಯನ್ನು ಕಂಡ ಹಕ್ಕಿಗಳು ತಪ್ಪಿಸಿಕೊಳ್ಳುತ್ತಿದ್ದವು. ಅದನ್ನು ಸರಿಪಡಿಸಲು ಹೊರಟ ಆ ಪಾಲಕನ ಉಪಾಯವೇ ಮುಂದೆ ಸೈನ್ಯಗಳ ಕೈಸೇರಿತು. ಕೋವಿಗೂ ನಮಗೂ ಸಂಬಂಧವಿಲ್ಲವೆಂದು ನಮ್ಮಂತಹ ಉದ್ದಂಗಿಯವರು ಸುಲಭವಾಗಿ ಹೇಳುವಂತಿಲ್ಲ. ಗುಂಡನ್ನು ಸಿಡಿಸುವ ಪುಡಿಯಲ್ಲಿ ಒಬ್ಬ ಸನ್ಯಾಸಿಯ ನೆನಪಿದೆ, ಅದನ್ನು ಹೊತ್ತಿಸುವ ಕೇಪಿನಲ್ಲಿ ಒಬ್ಬ ಪಾಲಕನ ನೆನಪಿದೆ.

ಹೀಗೆ ಬಿಡಿಬಿಡಿಯಾಗಿ ನೋಡಿದರೆ ಬಹುಪಾಲು ನಿರಪರಾಧಿ ವಸ್ತುಗಳೇ. ಇದನ್ನೇ ಆ ಯುವಕನೂ ವಾದಿಸಿದನು. ನಾನು ಕೇಳುತ್ತಿರುವುದು ಬರಿಯ ಸಾಮಾನು, ಕಾರ್ತೂಸಲ್ಲ ಎಂಬುದು ಅವನ ತರ್ಕ. ಆದರೆ ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬಹಳ ವಿವೇಕದ ಮಾತನ್ನಾಡಿದೆ. 1959ರ ಆಯುಧ ಕಾಯ್ದೆಯು ಮದ್ದುಗುಂಡು ಎಂದರೇನೆಂದು ವಿವರಿಸುವಾಗ, ಮದ್ದುಗುಂಡಿನ ಬಿಡಿ ಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಮದ್ದುಗುಂಡು ಎಂದೇ ಎಣಿಸಿದೆ. ಪರವಾನಗಿ ಇಲ್ಲದೆ ಅವನ್ನು ತಯಾರಿಸುವುದೂ ಮಾರುವುದೂ ಅಪರಾಧ. ಬರಿಯ ತೋಟಾ ಹೊತ್ತವನು, ಬರಿಯ ಕೇಪು ಹೊತ್ತವನು, ನನ್ನಲ್ಲಿ ಇದೊಂದೇ ಇದೆಯಲ್ಲ ಎಂದು ತಪ್ಪಿಸಿಕೊಳ್ಳಲು ಬರುವುದಿಲ್ಲ. ಇನ್ನು ಪರವಾನಗಿದಾರನು ತೀರಿಕೊಂಡರೆ ಅವನ ಕೋವಿಯನ್ನು ಠಾಣೆಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಿ, ವಾರಸುದಾರನು ತನ್ನ ಹೆಸರಿನಲ್ಲಿ ಅರ್ಜಿ ಹಾಕಬೇಕು. ಕಾಲ ಕಳೆದ ಮಾದರಿಯ, ದುರಸ್ತಿ ಮಾಡಿದರೂ ಸಿಡಿಯಲಾರದ ಪುರಾತನ ಕೋವಿಗೆ ಮಾತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ. ಸಿಡಿಯುವ ಶಕ್ತಿಯನ್ನು ಸಂಪೂರ್ಣವಾಗಿ ಕಳೆದುಕೊಂಡ ಮೇಲೆಯೇ ಕೋವಿಯು ಕಾನೂನಿನ ಕಣ್ಣಿನಲ್ಲಿ ಬರಿಯ ಹಳೆಯ ವಸ್ತುವಾಗುತ್ತದೆ!

ನಾವು ಹೀಗೆ ಮಾತನಾಡುತ್ತಿದ್ದಾಗ ಗೋಡೆಗೊರಗಿ ಕುಳಿತಿದ್ದ ಅವನ ಅಜ್ಜಿ ಒಂದು ಮಾತು ಹೇಳಿದರು. "ಅದರಾಗ ಗುಂಡ ಇದ್ದ ರಾತ್ರಿ ಯಾರೂ ನಿದ್ದಿ ಮಾಡಿಲ್ಲರಿ ಸ್ವಾಮಿ. ಅದು ಖಾಲಿ ಆದ ಮ್ಯಾಲೇ ನಮ್ಮ ಮನಿ ಮಲಗ್ಯಾದ." ಆ ತಾಯಿಯ ಮಾತಿನ ಹಿಂದೆ 1948ನೆಯ ಇಸವಿ ಇತ್ತು. ಅಂದಿನ ಬೀದರ ಜಿಲ್ಲೆ ಹೈದರಾಬಾದ್ ಸಂಸ್ಥಾನದ ಭಾಗ. ಆ ವರ್ಷದ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರ್ 13ರಿಂದ 17ರವರೆಗಿನ ಸೈನಿಕ ಕಾರ್ಯಾಚರಣೆಯಿಂದ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ಆದರೆ ಅದರ ಬೆನ್ನಲ್ಲೇ, ಯಾವ ಪಾಪವನ್ನೂ ಅರಿಯದ ಬಡ ಮುಸಲ್ಮಾನ ಕುಟುಂಬಗಳ ಮೇಲೆ ಸೇಡಿನ ಕೈ ಬಿದ್ದಿತು. ಕೇಂದ್ರ ಸರ್ಕಾರವು ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿಯ ವರದಿಯು ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿದೆ. ಆ ವರದಿ ಬಹುಕಾಲ ಬೆಳಕಿಗೆ ಬರಲಿಲ್ಲ. ಆ ವರ್ಷ ಎರಡೂ ಕಡೆಯ ಮನೆಗಳಲ್ಲಿ ಕೋವಿಗಳು ಹಸಿದಿದ್ದವು, ಅವಕ್ಕೆ ಉಣಿಸುವವರೂ ಇದ್ದರು. ಅದೇ ಸೀಮೆಯಲ್ಲಿ, ಕನ್ನಡ ಕಲಿಸುವುದೇ ಕಷ್ಟವಾಗಿದ್ದ ಆ ನಿಜಾಮರ ಆಳ್ವಿಕೆಯಲ್ಲಿ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಇಂದಿಗೂ ಜನ ನೆನೆಯುತ್ತಾರೆ. ಪ್ರತಿಭಟನೆಗೆ ಕೋವಿಯೊಂದೇ ಹಾದಿಯಲ್ಲವೆಂದು ಅವರು ಬಾಳಿ ತೋರಿಸಿದರು.

ಬೀದರ ನಗರವನ್ನು ನೋಡಿದವರಿಗೆ ಮದ್ದಿನ ಕಥೆಯನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನನು ಪರ್ಷಿಯಾ ದೇಶದ ಗಿಲಾನದಿಂದ ಬಂದವನು, ಮಹಾ ವಿದ್ಯಾಪ್ರೇಮಿ. 1472ರಲ್ಲಿ ಅವನು ಬೀದರದಲ್ಲಿ ತನ್ನ ಮದರಸಾವನ್ನು ಕಟ್ಟಿಸಿದನು. ಸರಿಸುಮಾರು ಅದೇ ವರ್ಷ ಬೆಳಗಾವಿಯ ಕೋಟೆಯನ್ನು ಮುತ್ತಿ, ಗೋಡೆಗಳ ಅಡಿಯಲ್ಲಿ ಸುರಂಗ ತೋಡಿಸಿ ಸಿಡಿಮದ್ದನ್ನು ಬಳಸಿದನೆಂದು ಇತಿಹಾಸಕಾರರು ಬರೆಯುತ್ತಾರೆ. ಒಂದು ಕೈಯಲ್ಲಿ ವಿದ್ಯೆ, ಇನ್ನೊಂದು ಕೈಯಲ್ಲಿ ಮದ್ದು. 1481ರಲ್ಲಿ ಅವನನ್ನು ಕೊಲ್ಲಿಸಿದ್ದು ಇವೆರಡೂ ಅಲ್ಲ, ಶತ್ರುಗಳು ಸೃಷ್ಟಿಸಿದ ಒಂದು ಸುಳ್ಳು ಪತ್ರ. ಮುಂದೆ 1657ರಲ್ಲಿ ಔರಂಗಜೇಬನು ಬೀದರ ಕೋಟೆಯನ್ನು ಮುತ್ತಿದಾಗ, ಕೋಟೆಯೊಳಗೆ ಕೂಡಿಟ್ಟಿದ್ದ ಮದ್ದಿಗೇ ಬೆಂಕಿ ಬಿದ್ದು ಕೋಟೆಯ ಮುಖ್ಯಸ್ಥ ಸಿದ್ದಿ ಮರ್ಜಾನನು ಮಾರಣಾಂತಿಕವಾಗಿ ಗಾಯಗೊಂಡನು. ಕಾವಲಿಗೆಂದು ಕೂಡಿಟ್ಟದ್ದೇ ಕಾವಲುಗಾರನನ್ನು ಕೊಂದಿತು. 1696ರಲ್ಲಿ ಗವಾನನ ಮದರಸಾದಲ್ಲಿಯೂ ಸಿಡಿಮದ್ದು ಸ್ಫೋಟಗೊಂಡಿತು. ಮುಂಭಾಗದ ಎರಡು ಮಿನಾರುಗಳಲ್ಲಿ ಇಂದು ಉಳಿದಿರುವುದು ಒಂದೇ. ಪುಸ್ತಕಗಳನ್ನಿಡಲು ಕಟ್ಟಿದ ಮನೆಯಲ್ಲಿ ಮದ್ದನ್ನಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಆ ಮುರಿದ ಗೋಡೆಯೇ ಸಾಕ್ಷಿ.

ಗುರುಮಠದಲ್ಲಿ ಸಂತರ ಚರಿತ್ರೆಯನ್ನು ಓದುತ್ತಿದ್ದಾಗ ಸಂತ ಬಾರ್ಬರಾಳ ಹೆಸರು ಕೇಳಿದ್ದೆ. ಸಿಡಿಲಿನಿಂದಲೂ ಹಠಾತ್ ಸಾವಿನಿಂದಲೂ ಕಾಪಾಡುವವಳೆಂದು ಫಿರಂಗಿಯ ಸೈನಿಕರೂ ಗಣಿಕಾರ್ಮಿಕರೂ ಅವಳನ್ನು ನೆನೆಯುತ್ತಿದ್ದರು. ಸ್ಪೇನಿನವರು ಹಡಗಿನ ಮದ್ದಿನ ಕೋಣೆಯನ್ನೇ 'ಸಾಂತಾ ಬಾರ್ಬರಾ' ಎಂದು ಕರೆದರು. ಮದ್ದನ್ನು ಕಾಯುವವನಿಗೇ ಮದ್ದಿನ ಭಯ ಎಲ್ಲರಿಗಿಂತ ಹೆಚ್ಚಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಔರಾದ ಸೀಮೆಯ ಆ ಅಜ್ಜಿ ಹೇಳಿದ್ದೂ ಇದೇ ಮಾತಲ್ಲವೇ?

ಇಷ್ಟೇ ಆಗಿದ್ದರೆ ಬೀದರದ ಕಥೆ ದುಃಖದ ಕಥೆಯಾಗುತ್ತಿತ್ತು. ಆದರೆ ಅದೇ ನಗರದ ಓಣಿಗಳಲ್ಲಿ ಬಿದ್ರಿ ಕುಶಲಕರ್ಮಿಗಳು ಕುಳಿತಿದ್ದಾರೆ. ಅವರ ಮುಂದಿರುವ ಸಾಮಗ್ರಿಯನ್ನು ಗಮನವಿಟ್ಟು ನೋಡಿರಿ. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ ಸುಮಾರು 70 ಪಾಲು ತಾಮ್ರ, 30 ಪಾಲು ಸತುವು. ಬಿದ್ರಿಯ ಲೋಹವೂ ಅವೇ ಎರಡು, ಆದರೆ ಲೆಕ್ಕ ತಲೆಕೆಳಗು: ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದ ಪಾತ್ರೆಯನ್ನು ಉಜ್ಜಿ, ಮೈಲುತುತ್ತದ ನೀರಿನಿಂದ ತುಸು ಕಪ್ಪಾಗಿಸಿ, ಅದರ ಮೇಲೆ ಚಿತ್ರ ಬರೆದು, ಉಳಿಯಿಂದ ಕೊರೆದು, ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸುತ್ತಾರೆ. ಕೊನೆಗೆ ಬರುತ್ತದೆ ಕೋಟೆಯ ಮಣ್ಣು. ಬಿಸಿಲು-ಮಳೆಗಳನ್ನು ಶತಮಾನಗಳಿಂದ ಕಾಣದ ಕೋಟೆಯ ಮೂಲೆಗಳ ಮಣ್ಣನ್ನು ತಂದು, ನಾಲಿಗೆಯ ಮೇಲಿಟ್ಟು ರುಚಿ ನೋಡಿ ಆರಿಸುತ್ತಾರೆ. ಆ ಮಣ್ಣಿನಲ್ಲಿ ಪೆಟ್ಲುಪ್ಪಿನ ಅಂಶವಿದೆಯೆಂದು ಹೇಳುತ್ತಾರೆ. ನವಸಾಗರದೊಡನೆ ಅದನ್ನು ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಗುಲಿಸಿದಾಗ ಲೋಹವು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿಯು ಮಾತ್ರ ತನ್ನ ಬಿಳುಪನ್ನು ಬಿಡುವುದಿಲ್ಲ.

ತಾಮ್ರ, ಸತುವು, ಪೆಟ್ಲುಪ್ಪು. ತೋಟಾ ಕಟ್ಟುವವನಿಗೆ ಬೇಕಾದವೂ ಇವೇ, ಬಿದ್ರಿ ಮಾಡುವವನಿಗೆ ಬೇಕಾದವೂ ಇವೇ. ಒಂದು ಕಾಲದಲ್ಲಿ ಪೆಟ್ಲುಪ್ಪಿಗಾಗಿ ಸಾಮ್ರಾಜ್ಯಗಳು ಹೋರಾಡಿದವು. ಬಿಹಾರದ ಹಳ್ಳಿಗಳ ಮಣ್ಣಿನಿಂದ ನೋನಿಯಾ ಜನರು ಬಸಿದು ತೆಗೆದ ಪೆಟ್ಲುಪ್ಪನ್ನು ಈಸ್ಟ್ ಇಂಡಿಯಾ ಕಂಪನಿಯು ಹಡಗುಗಳಲ್ಲಿ ತುಂಬಿ ಯೂರೋಪಿನ ಯುದ್ಧಗಳಿಗೆ ಒಯ್ದಿತು. ಬೀದರದ ಕುಶಲಕರ್ಮಿ ಮಾತ್ರ ಯುದ್ಧಕ್ಕೆಂದೇ ಕಟ್ಟಿದ ಕೋಟೆಯ ಮಣ್ಣಿನಿಂದ ಒಂದು ಹೂಜಿಗೆ ಕಪ್ಪು ಬಣ್ಣವನ್ನು ಪಡೆದನು. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರದ ಹಿರಿಯ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಹೀಗೆ ಒಂದೇ ಊರಿನ ನೆಲದಲ್ಲಿ ಗೋಡೆಯನ್ನು ಉರುಳಿಸಿದ ಮದ್ದೂ ಇದೆ, ಬೆಳ್ಳಿಯನ್ನು ಬೆಳಗಿಸುವ ಮಣ್ಣೂ ಇದೆ.

ಆ ಯುವಕನಿಗೆ ನಾನು ಕೋವಿಯ ಸಾಮಾನನ್ನು ತರಿಸಿಕೊಡಲಾರೆನೆಂದು ಸ್ಪಷ್ಟವಾಗಿ ಹೇಳಿದೆನು. ಕೃಷ್ಣಮೃಗವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ಕಾಡುಹಂದಿಯನ್ನೂ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ ಎಂಬುದನ್ನೂ ತಿಳಿಸಿದೆನು. ಅವನು ನೆಲವನ್ನು ನೋಡುತ್ತಾ, "ಹಂದಿಗೋಳಿಗಿ ಕಾನೂನ ಓದ್ಲಾಕ ಬರಲ್ಲರಿ ಫಾದರ್" ಎಂದನು. ಆ ಮಾತಿಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಹೊಟ್ಟೆ ತುಂಬಿದವನು ಹಸಿದವನಿಗೆ ಅಹಿಂಸೆಯನ್ನು ಬೋಧಿಸುವುದು ಬಹಳ ಸುಲಭ. ಆದುದರಿಂದ ಬೋಧನೆಯನ್ನು ಅಲ್ಲಿಗೇ ನಿಲ್ಲಿಸಿ, ಬೆಳೆಹಾನಿಯ ಪರಿಹಾರಕ್ಕಾಗಿ ಅರಣ್ಯ ಇಲಾಖೆಗೆ ಅರ್ಜಿ ಬರೆಯಲು ಅವನೊಡನೆ ಕುಳಿತೆನು. ಹೊಲದ ಪಹಣಿ, ಫೋಟೋಗಳು, ಪಂಚನಾಮೆ ಎಂದು ಹಲವು ಸಲ ತಿರುಗಾಟವಾಯಿತು. ಪರಿಹಾರದ ಹಣ ಬಂದಿತು. ನಷ್ಟಕ್ಕೆ ಅದು ಸಮವಾಗಲಿಲ್ಲ. ಕೋವಿಯನ್ನು ಅವನ ತಂದೆ ಕಾನೂನಿನಂತೆ ಠಾಣೆಗೆ ಒಪ್ಪಿಸಿದರು. ಮರುವರ್ಷ ಅಕ್ಕಪಕ್ಕದ ನಾಲ್ಕು ಹೊಲದವರು ಸೇರಿ ಸರದಿಯ ಮೇಲೆ ರಾತ್ರಿ ಕಾವಲು ನಿಂತರು, ಸಾಲ ಮಾಡಿ ಸೌರ ಬೇಲಿಯನ್ನೂ ಹಾಕಿಸಿದರು. ತೊಗರಿ ಪೂರ್ತಿ ಉಳಿಯಲಿಲ್ಲ, ಪೂರ್ತಿ ಹೋಗಲೂ ಇಲ್ಲ. ಆ ನಾಲ್ಕು ಮನೆಗಳಲ್ಲಿ ಒಂದು ಮುಸಲ್ಮಾನರದು. 1948ರ ಬಳಿಕ ಆ ಎರಡು ಮನೆತನಗಳ ಗಂಡಸರು ರಾತ್ರಿಯಿಡೀ ಒಂದೇ ಬೆಂಕಿಯ ಮುಂದೆ ಕುಳಿತದ್ದು ಅದೇ ಮೊದಲೆಂದು ಅಜ್ಜಿ ನನಗೆ ಹೇಳಿದರು.

ಪ್ರಿಯ ಓದುಗರೇ, ನಮ್ಮಲ್ಲಿ ಬಹುತೇಕರ ಮನೆಯಲ್ಲಿ ವಿಂಚೆಸ್ಟರ್ ಕೋವಿ ಇರಲಾರದು. ಆದರೆ ಗೋಡೆಗೆ ತೂಗುಹಾಕಿದ ಹಳೆಯ ಹಗೆಯೊಂದು ಇಲ್ಲದ ಮನೆ, ಇಲ್ಲದ ಓಣಿ, ಇಲ್ಲದ ಧರ್ಮಕೇಂದ್ರ ಅಪರೂಪ. ಆಸ್ತಿಯ ಜಗಳವಿರಬಹುದು, ಜಾತಿಯ ಅವಮಾನವಿರಬಹುದು, ತಾತನ ಕಾಲದಲ್ಲಿ ಸುರಿದ ರಕ್ತವಿರಬಹುದು. ಅದು ತುಕ್ಕು ಹಿಡಿದು ಸುಮ್ಮನಿರುತ್ತದೆ, ಏಕೆಂದರೆ ಅದಕ್ಕೆ ಹಾಕುವ ತೋಟಾ ಈಗ ಸಿಗುವುದಿಲ್ಲ. ಅಷ್ಟರಲ್ಲಿ ಯಾರೋ ಒಬ್ಬನು ಬಿಡಿ ಭಾಗಗಳನ್ನು ಹುಡುಕಲು ಹೊರಡುತ್ತಾನೆ. ಒಬ್ಬನು ಹಳೆಯ ಸಂಗತಿಯೊಂದನ್ನು ಅರ್ಧ ಮಾತ್ರ ನೆನಪಿಸುತ್ತಾನೆ. ಇನ್ನೊಬ್ಬನು ಮೊಬೈಲಿಗೆ ಬಂದ ಸುಳ್ಳು ಸುದ್ದಿಯನ್ನು ವಿಚಾರಿಸದೆ ಮುಂದಕ್ಕೆ ಕಳುಹಿಸುತ್ತಾನೆ. ಮತ್ತೊಬ್ಬನು ಹಣ ಕೊಡುತ್ತಾನೆ, ಮಗದೊಬ್ಬನು ಬಲ್ಲೆನೆಂಬಂತೆ ತಲೆಯಾಡಿಸಿ ಸುಮ್ಮನಾಗುತ್ತಾನೆ. ಪ್ರತಿಯೊಬ್ಬನೂ ತನ್ನ ಕೈಯಲ್ಲಿರುವುದು ಬರಿಯ ಒಂದು ಚೂರು ಎಂದೇ ನಂಬಿರುತ್ತಾನೆ. ಕೋವಿ ಸಿಡಿದ ದಿನ ಪ್ರತಿಯೊಬ್ಬನೂ ಆಶ್ಚರ್ಯಪಡುತ್ತಾನೆ. ಗವಾನನನ್ನು ಕೊಂದದ್ದು ಒಂದೇ ಒಂದು ಕಾಗದ ಎಂಬುದನ್ನು ನಾವು ಮರೆಯಬಾರದು.

ಮದ್ದುಗುಂಡಿನ ಬಿಡಿ ಭಾಗವೂ ಮದ್ದುಗುಂಡೇ ಎಂಬ 1959ರ ಕಾಯ್ದೆಯ ಆ ಒಂದು ವಾಕ್ಯವನ್ನು ನಾನು ಈಚೆಗೆ ಆತ್ಮಶೋಧನೆಯ ಪ್ರಶ್ನೆಯಂತೆ ಬಳಸಿಕೊಳ್ಳುತ್ತಿದ್ದೇನೆ. ನನ್ನ ಈ ಮಾತು, ನನ್ನ ಈ ಮೌನ ಯಾವ ಹಳೆಯ ಕೋವಿಗೆ ಹೊಂದುವ ಭಾಗ ಎಂದು ರಾತ್ರಿ ಮಲಗುವ ಮುನ್ನ ಕೇಳಿಕೊಳ್ಳುತ್ತೇನೆ. ನೀವೂ ಕೇಳಿಕೊಳ್ಳಿರಿ. ನಿಮ್ಮ ಬಳಿಯಿರುವ ತಾಮ್ರ, ಸತುವು, ಉಪ್ಪುಗಳನ್ನು ಬೇಡಿ ಬರುವವನು ಯಾರು, ಅವನು ಏನನ್ನು ಕಟ್ಟಹೊರಟಿದ್ದಾನೆ ಎಂದು ವಿಚಾರಿಸಿದ ಮೇಲೆಯೇ ಕೊಡಿರಿ. ಬೇಡ ಎಂದು ಹೇಳಿದರೆ ಮಾತ್ರ ಸಾಲದು. ಅವನ ಹೊಲದ ಕಾವಲಿಗೆ ಒಂದು ರಾತ್ರಿಯಾದರೂ ಜೊತೆಗೆ ಹೋಗಿ ನಿಲ್ಲಿರಿ.